ಡಿವೋರ್ಸ್ ಅಪೀಲು: ಆಸ್ತಿ ಯಾರಿಗೆ, ವಕೀಲರ ಫೀಸು ಯಾರ ತಲೆಗೆ?

ಇದು ಹಿಂದೂ ವಿವಾಹ ಕಾಯ್ದೆಯಡಿ ಡಿವೋರ್ಸ್ ಆದವರಿಗೆ. ಫ್ಯಾಮಿಲಿ ಕೋರ್ಟ್ ತೀರ್ಪು ಬಂತು, ಆಸ್ತಿ ವಿಷಯದಲ್ಲಿ ಅನ್ಯಾಯ ಆಯ್ತು ಅನ್ನಿಸುತ್ತಿದೆ, ಹೈಕೋರ್ಟಿಗೆ ಹೋಗಬೇಕು ಅಂತಿದ್ದೀರಿ ಅಲ್ವಾ? ಮೊದಲು ದಿನ ಎಣಿಸಿ. ಫ್ಯಾಮಿಲಿ ಕೋರ್ಟ್ ಕಾಯ್ದೆ 30 ದಿನ ಅನ್ನುತ್ತದೆ, ವಿವಾಹ ಕಾಯ್ದೆ 90 ದಿನ ಅನ್ನುತ್ತದೆ. ಯಾವುದು ಸರಿ ಅಂತ ವಾದ ಮಾಡುತ್ತಾ ಕೂರಬೇಡಿ, 30ರೊಳಗೇ ಹಾಕಿಬಿಡಿ. ಇಬ್ಬರೂ ಒಪ್ಪಿ ಪಡೆದ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗಿದ್ದರೆ ಅಪೀಲೇ ಇಲ್ಲ.

ಇನ್ನು ಆಸ್ತಿ. ಡಿವೋರ್ಸ್ ಆದರೆ ಅರ್ಧರ್ಧ ಪಾಲು ಅನ್ನೋದು ಸಿನಿಮಾ ಮಾತು, ನಮ್ಮ ಕಾಯ್ದೆಯಲ್ಲಿ ಹಾಗೆ ಎಲ್ಲೂ ಇಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 27 ಹೇಳೋದು ಮದುವೆ ಹೊತ್ತಿಗೆ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ. ಸ್ತ್ರೀಧನ, ಅಂದರೆ ಹೆಂಡತಿಗೆ ಅಂತಲೇ ಬಂದ ಒಡವೆ, ಉಡುಗೊರೆ, ದುಡ್ಡು, ಹೆಂಡತಿಯದೇ, ಅದನ್ನು ಪಾಲು ಮಾಡುವ ಪ್ರಶ್ನೆಯೇ ಬರಲ್ಲ. ಆಮೇಲೆ ಕೊಂಡ ಮನೆ, ಸೈಟು ಇದ್ದರೆ ಪತ್ರ ಯಾರ ಹೆಸರಲ್ಲಿದೆ, ದುಡ್ಡು ಯಾರ ಖಾತೆಯಿಂದ ಹೋಗಿದೆ, ಸಾಲದ ಕಂತು ಯಾರು ಕಟ್ಟಿದ್ದಾರೆ ಅನ್ನೋದಕ್ಕೆ ಒಂದೊಂದು ಕಾಗದ ಹುಡುಕಿ ಜೋಡಿಸಿಕೊಳ್ಳಿ. ಆದರೆ ಕೆಳಗಿನ ಕೋರ್ಟಿನಲ್ಲಿ ಕೊಡದ ಸಾಕ್ಷಿಯನ್ನು ಅಪೀಲಿನಲ್ಲಿ ಹೊಸದಾಗಿ ಒಳಗೆ ತರೋದು ಕಷ್ಟ. ಮೊದಲೇ ಯಾಕೆ ಕೊಡಲಿಲ್ಲ ಅಂತ ಕಾರಣ ಹೇಳಬೇಕಾಗುತ್ತದೆ.

ಖರ್ಚಿನ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. 'ಕೋರ್ಟ್ ಖರ್ಚು ನನ್ನ ಮೇಲೆ ಹಾಕಿದ್ದು ತಪ್ಪು' ಅಂತ ಅಷ್ಟಕ್ಕೇ ಅಪೀಲು ಹೋಗಲು ಆಗಲ್ಲ, ಸೆಕ್ಷನ್ 28 ನೇರವಾಗಿ ಬೇಡ ಅಂದಿದೆ. ಬೇರೆ ಗಟ್ಟಿ ಕಾರಣದ ಜೊತೆ ಅದನ್ನೂ ಸೇರಿಸಬೇಕು. ಈ ಅಪೀಲು ನಡೆಸಲು ಕೈಯಲ್ಲಿ ದುಡ್ಡಿಲ್ಲ ಅಂದರೆ ಅದು ಬೇರೆ ದಾರಿ: ಅದೇ ಕಾಯ್ದೆಯ ಸೆಕ್ಷನ್ 24ರಡಿ ಮಧ್ಯಂತರ ಜೀವನಾಂಶ (ಕೇಸು ಮುಗಿಯುವವರೆಗೆ ಸಿಗುವ ಜೀವನಾಂಶ) ಮತ್ತು ಕೇಸಿನ ಖರ್ಚು ಕೇಳಿ. ಸಾಕಷ್ಟು ಆದಾಯ ಇಲ್ಲದಿದ್ದರೆ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಇದಕ್ಕೆ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಪತ್ರ) ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಹೇಳಿದೆ. ಅದರಲ್ಲಿ ಸುಮ್ನೆ ಸಂಬಳ ಕಡಿಮೆ ತೋರಿಸಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟು ಎದುರಿಗೆ ಬಂದರೆ ಮಿಕ್ಕ ಮಾತನ್ನೂ ಯಾರೂ ನಂಬಲ್ಲ.

ವಕೀಲರನ್ನು ಇಡಲು ಆಗದ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆದಾಯದ ಮಿತಿ ನೋಡಲ್ಲ. ಮತ್ತೆ, ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲಲ್ಲ. ಸ್ಟೇ, ಅಂದರೆ ಆ ಆದೇಶಕ್ಕೆ ತಡೆ, ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ಅಪೀಲಿನ ಜೊತೆಗೇ ಹಾಕಿ.