ಜಮೀನಿನಲ್ಲಿ ಡೀಸೆಲ್, ಪೆಟ್ರೋಲ್ ಇಡುವ ಬಗೆ

ಟ್ರ್ಯಾಕ್ಟರ್‌ಗೆ ಡೀಸೆಲ್ ಬೇಕು, ಕಳೆ ಕತ್ತರಿಸುವ ಮಷಿನ್‌ಗೆ ಪೆಟ್ರೋಲ್ ಬೇಕು. ಎರಡನ್ನೂ ಜಮೀನಿನಲ್ಲೇ ಇಟ್ಟುಕೊಳ್ಳುತ್ತೇನೆ. ಆದರೆ ಎರಡಕ್ಕೂ ಜಾಗ ಬೇರೆ, ಜಾಗ್ರತೆಯೂ ಬೇರೆ.

ಮೊದಲು ಪೆಟ್ರೋಲ್. ಹೊತ್ತಿಕೊಳ್ಳುವುದು ಅದರ ಆವಿ. ಡೀಸೆಲ್ ಸಾಕಷ್ಟು ಕಾಯ್ದರೆ ಮಾತ್ರ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಎಂಥ ಚಳಿಯಲ್ಲೂ ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ದೂರದ ಮೂಲೆಯಲ್ಲಿ ವೆಲ್ಡಿಂಗ್ ಕಿಡಿ ಬಿದ್ದರೂ ಬೆಂಕಿ ಕ್ಯಾನ್‌ವರೆಗೆ ಓಡಿ ಬರಬಹುದು. ಅದಕ್ಕೇ ಶೆಡ್‌ಗೆ ಮೇಲೊಂದು ಕಿಟಕಿ ಇದ್ದರೆ ಸಾಲದು. ನೆಲದ ಮಟ್ಟದಲ್ಲೂ ಗಾಳಿಕಿಂಡಿ ಬೇಕು. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆಯಿಂದ 12 ಮೀಟರ್ ಆದರೂ ದೂರವಿರಲಿ. ಗೊಬ್ಬರದ ಪಕ್ಕವಂತೂ ಬೇಡವೇ ಬೇಡ. ಅಮೋನಿಯಂ ನೈಟ್ರೇಟ್ ಇರುವ ಗೊಬ್ಬರಕ್ಕೆ ಡೀಸೆಲ್ ಸೇರಿದರೆ ಸ್ಫೋಟದ ಅಪಾಯವಿದೆ.

ಕ್ಯಾನ್ ತುಂಬುವಾಗ ಅದನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಿ. ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಕಂಠದವರೆಗೆ ತುಂಬಬೇಡಿ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಸ್ವಲ್ಪ ಜಾಗ ಬಿಡಬೇಕು.

ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಟ್ಟಿದ್ದು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬಾಯಾರಿದ ಮಗುವಿಗೆ ಏನು ಗೊತ್ತಾಗುತ್ತದೆ, ಹೇಳಿ? ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೈಪಿಗೆ ಬಾಯಿಟ್ಟು ಎಳೆಯುವುದೂ ಇದೇ ಕಾರಣಕ್ಕೆ ಬೇಡ. ಒಂದು ಕೈಪಂಪ್ ತಂದಿಡಿ.

ಡೀಸೆಲ್‌ಗೆ ಶತ್ರು ನೀರು. ಅರ್ಧ ಖಾಲಿ ಡ್ರಮ್‌ನಲ್ಲಿ ರಾತ್ರಿ ತಂಪಾದಾಗ ಒಳಗಿನ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಆ ನೀರಿನ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಾನು ಡ್ರಮ್ಮನ್ನು ನೆರಳಲ್ಲಿ, ಕೊಂಚ ಓರೆಯಾಗಿ ಇಟ್ಟಿದ್ದೇನೆ. ತಗ್ಗಿನ ಕಡೆಯ ನಲ್ಲಿಯಿಂದ ಆಗಾಗ ಗಾಜಿನ ಜಾಡಿಗೆ ಸ್ವಲ್ಪ ಇಳಿಸಿ ನೋಡುತ್ತೇನೆ. ನೀರಿದ್ದರೆ ಅಡಿಯಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಅದು ಮುಗಿಯುವವರೆಗೆ ಇಳಿಸಿಬಿಡಬೇಕು. ಒಳಗೆ ಸತುವಿನ ಲೇಪವಿರುವ ಡ್ರಮ್ ತರಬೇಡಿ, ಡೀಸೆಲ್ ಕೆಡುತ್ತದೆ.

ಡ್ರಮ್ ಕೆಳಗೆ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದೇನೆ. 200 ಲೀಟರ್ ಡ್ರಮ್‌ಗೆ 220 ಲೀಟರ್ ಹಿಡಿಯುವ ತೊಟ್ಟಿ. ಡ್ರಮ್ ಒಡೆದರೂ ಮಣ್ಣಿಗೆ, ಬಾವಿಗೆ ಇಳಿಯುವುದಿಲ್ಲ. ಖರ್ಚು ಅಂತ ಇದನ್ನು ಮುಂದೂಡಬೇಡಿ. ಬಾವಿ ನೀರು ಒಮ್ಮೆ ಕೆಟ್ಟರೆ ಸರಿಮಾಡುವುದು ಬಹಳ ಕಷ್ಟ. ಎಷ್ಟು ಇಡಬಹುದು ಅನ್ನುವ ನಿಯಮವನ್ನೂ ಮೊದಲೇ ಕೇಳಿಕೊಳ್ಳಿ.

ಬೆಂಕಿ ಬಿದ್ದರೆ ನೀರು ಎರಚಬಾರದು. ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇರಲಿ, ಮರಳಿನ ಬಕೆಟ್ ಇರಲಿ. ಎರಡೂ ಶೆಡ್ ಬಾಗಿಲಿನ ಹೊರಗಿರಲಿ, ಒಳಗಿದ್ದರೆ ಬೆಂಕಿ ದಾಟಿ ತರಲಾಗುವುದಿಲ್ಲ. ಸಿಲಿಂಡರ್‌ನ ಪಿನ್ ಎಳೆಯುವುದನ್ನು ಮನೆಯವರಿಗೂ ಕೆಲಸದವರಿಗೂ ತೋರಿಸಿಕೊಡಿ. ಬೆಂಕಿ ದೊಡ್ಡದಾಗಿದ್ದರೆ ಎಲ್ಲವನ್ನೂ ಬಿಟ್ಟು ಹೊರಗೆ ಓಡಲು ಹೇಳಿ.