ಕಾಮಿಕ್ಸ್‌ಗೊಂದು ಬೆಳಕಿನ ಪೆಟ್ಟಿಗೆ: ನಾನು ಮಾಡಿದ್ದು ಹೀಗೆ

ಮುಖಪುಟ ಕಾಣುವ ಹಾಗೆ ಕಾಮಿಕ್ಸ್ ಇಡಲು ಮಾಡಿದ ನನ್ನ ಮೊದಲ ದೀಪದ ಪೆಟ್ಟಿಗೆಯಲ್ಲಿ ಐದು ವರ್ಷ ಇಟ್ಟಿದ್ದ ಒಂದು ಕಾಮಿಕ್ಸನ್ನು ಹೊರಗೆ ತೆಗೆದ ದಿನ ಇನ್ನೂ ನೆನಪಿದೆ. ಮುಖಪುಟದ ತಳದಲ್ಲಿ ಒಂದು ಬೆರಳಿನಷ್ಟು ಅಗಲದ ಪಟ್ಟಿ ಮಾತ್ರ ಗಾಢ ಕೆಂಪಾಗಿ ಉಳಿದಿತ್ತು. ಅದು ಮರದ ಅಂಚಿನ ಹಿಂದೆ ಮರೆಯಾಗಿದ್ದ ಜಾಗ. ಅದರ ಮೇಲಿನದೆಲ್ಲ ಮಾಸಿದ ಇಟ್ಟಿಗೆ ಬಣ್ಣ. ದಿನಾ ಕಣ್ಣೆದುರೇ ಇತ್ತು, ಆದರೂ ಗೊತ್ತಾಗಿರಲಿಲ್ಲ. ಅಷ್ಟು ನಿಧಾನವಾಗಿ ಹೋಗಿತ್ತು ಬಣ್ಣ. ಆ ಪೆಟ್ಟಿಗೆಗೆ ನಾನು ಹಾಕಿದ್ದು ಒಂದು ಟ್ಯೂಬ್‌ಲೈಟ್, ಮುಂದೆ ಸಾದಾ ಗಾಜು, ಸಂಜೆಯಿಂದ ಮಲಗುವವರೆಗೆ ಸುಮ್ನೆ ಉರಿಯುತ್ತಿತ್ತು.

ಎರಡನೇ ಪೆಟ್ಟಿಗೆ ಮಾಡುವಾಗ ಅದಕ್ಕೇ ಮರದಿಂದ ಶುರು ಮಾಡಲಿಲ್ಲ, ಬೆಳಕಿನಿಂದ ಶುರು ಮಾಡಿದೆ. ಹಳೆಯ ಕಾಮಿಕ್ಸ್ ಅಚ್ಚಾಗಿದ್ದು ಪತ್ರಿಕೆ ಕಾಗದದಲ್ಲಿ. ಅದರಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಹಾಗೇ ಇರುತ್ತದೆ, ಆಮ್ಲವೂ ಇರುತ್ತದೆ, ಬೆಳಕು ಬಿದ್ದಷ್ಟೂ ಹಳದಿಯಾಗುತ್ತದೆ, ಮುಟ್ಟಿದರೆ ಮುರಿಯುವ ಹಾಗೆ ಆಗುತ್ತದೆ. ಮುಖಪುಟದಲ್ಲಿ ಕಪ್ಪು ಗಟ್ಟಿ, ಕೆಂಪು ಹಳದಿಗಳು ಮೊದಲು ಹೋಗುತ್ತವೆ. ಎಲ್‌ಇಡಿ ಹಾಕಿದರೆ ಯುವಿ (ಕಣ್ಣಿಗೆ ಕಾಣದ ಅತಿನೇರಳೆ ಕಿರಣ) ಇಲ್ಲ, ಭಯವಿಲ್ಲ ಅಂತ ತುಂಬ ಜನ ಹೇಳುತ್ತಾರೆ. ಅರ್ಧ ಸರಿ. ಬಿಳಿ ಎಲ್‌ಇಡಿಯಲ್ಲಿ ಯುವಿ ಬಹಳ ಕಡಿಮೆ, ನಿಜ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ಅದರಲ್ಲೂ ನೀಲಿ ಪಾಲು ಜಾಸ್ತಿ ಇರುವ ತಣ್ಣನೆಯ ಬಿಳಿ. ಹೋದ ಬಣ್ಣ ಮತ್ತೆ ಬರುವುದಿಲ್ಲ, ಕತ್ತಲಲ್ಲಿ ಎಷ್ಟು ದಿನ ಇಟ್ಟರೂ.

ಮ್ಯೂಸಿಯಂಗಳು ಇಂಥ ಕಾಗದಕ್ಕೆ 50 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು ಅನ್ನುತ್ತವೆ. ನಾನೂ ಅದನ್ನೇ ಇಟ್ಟುಕೊಂಡೆ. ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: 200 ಲಕ್ಸ್ ದಿನಕ್ಕೆ 8 ಗಂಟೆ ಉರಿದರೆ ವರ್ಷಕ್ಕೆ 5,84,000 ಲಕ್ಸ್-ಗಂಟೆ. 50 ಲಕ್ಸ್ ದಿನಕ್ಕೆ 3 ಗಂಟೆ ಆದರೆ 54,750. ಹತ್ತು ಪಟ್ಟಿಗೂ ಹೆಚ್ಚು ಅಂತರ! 50 ಲಕ್ಸ್ ಮಂಕಲ್ವಾ ಅಂತ ಕೇಳಬಹುದು. ಕೋಣೆಯ ದೀಪ ಸ್ವಲ್ಪ ತಗ್ಗಿಸಿ ನೋಡಿ, ಮುಖಪುಟ ಹೊಳೆಯುತ್ತಾ ಎದುರು ಬಂದು ನಿಲ್ಲುತ್ತದೆ.

ಇನ್ನು ಅಳತೆ. ಈಗಿನ ಅಮೆರಿಕನ್ ಕಾಮಿಕ್ಸ್ ಸುಮಾರು 168 ಮಿ.ಮೀ. ಅಗಲ, 260 ಮಿ.ಮೀ. ಎತ್ತರ. 1940ರ ದಶಕದವು ಇನ್ನೂ ಅಗಲ, ಹಾಗಾಗಿ ನಿಮ್ಮಲ್ಲಿರುವ ಅತಿ ದೊಡ್ಡದನ್ನು ಅದನ್ನು ಹಾಕಿಡುವ ಪ್ಲಾಸ್ಟಿಕ್ ಕವರ್ ಮತ್ತು ಹಿಂದೆ ಇಡುವ ರಟ್ಟಿನ ಸಮೇತ ಅಳೆದು ಆಮೇಲೆ ಮರ ಕೊಯ್ಯಿರಿ. ನಾನು ಒಂದೊಂದಕ್ಕೆ 200 × 300 ಮಿ.ಮೀ. ಜಾಗ ಬಿಟ್ಟೆ. ಸಾಲಿಗೆ ಮೂರು, ಎರಡು ಸಾಲು, ಒಟ್ಟು ಆರು. ಒಳಗಿನ ಅಳತೆ 640 × 660, ಆಳ 100. ಮೊದಲು 60 ಮಿ.ಮೀ. ಆಳದಲ್ಲಿ ರಟ್ಟಿನ ಮಾದರಿ ಮಾಡಿ ನೋಡಿದ್ದೆ. ಅಂಚಿನ ಕಾಮಿಕ್ಸ್ ಕಣ್ಣು ಕುಕ್ಕುವಷ್ಟು ಬೆಳಕು, ನಡುವಿನದಕ್ಕೆ ಕತ್ತಲು. ಆಳ ಜಾಸ್ತಿ ಮಾಡಿ ಹಿಂಬದಿಗೆ ಹೊಳಪಿಲ್ಲದ ತಿಳಿ ಬೂದು ಬಣ್ಣ ಹೊಡೆದ ಮೇಲೆ ಆ ಅಂತರ ಬಹಳ ಕಡಿಮೆಯಾಯಿತು. ರಟ್ಟಿನ ಮಾದರಿಗೆ ಒಂದು ಸಂಜೆ ಹೋಯಿತು, ಆದರೆ ಒಂದು ಹಲಗೆ ಪ್ಲೈವುಡ್ ಉಳಿಯಿತು.

ಮರದ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. 12 ಮಿ.ಮೀ. ಪ್ಲೈವುಡ್, ಮೂಲೆಗಳಿಗೆ ಅಂಟು ಮತ್ತು ಸ್ಕ್ರೂ, ಕಾಮಿಕ್ಸ್ ನಿಲ್ಲಲು ತೆಳುವಾದ ಅಡ್ಡಪಟ್ಟಿಗಳು. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಬೇಡ ಅಂತ ಬಿಟ್ಟೆ, ಅದರ ಅಂಟಿನಿಂದ ಕಾಗದಕ್ಕೆ ಒಳ್ಳೆಯದಲ್ಲದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತಲೇ ಇರುತ್ತದೆ. ಪ್ಲೈವುಡ್ಡೂ ಪೂರ್ತಿ ಶುದ್ಧ ಅಲ್ಲ, ಅದಕ್ಕೆ ಒಳಗೆಲ್ಲ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಎರಡು ಕೋಟ್ ಹೊಡೆದು ಬಾಗಿಲಿಲ್ಲದೆ ನಾಲ್ಕು ವಾರ ಗಾಳಿಗೆ ಬಿಟ್ಟೆ. ಈ ನಾಲ್ಕು ವಾರ ಕಾಯುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಕಾಯಿರಿ. ಮುಚ್ಚಿದ ಪೆಟ್ಟಿಗೆಯಲ್ಲಿ ಬಣ್ಣದ ವಾಸನೆ ಬರುತ್ತಿದೆ ಅಂದರೆ ಆ ಗಾಳಿ ಕಾಗದಕ್ಕೂ ತಾಗುತ್ತಿದೆ ಅಂತಲೇ ಅರ್ಥ.

ಸಂದುಗಳಿಗೆ ಸಿಲಿಕೋನ್ ಹಾಕುವಾಗ ಒಂದು ತಪ್ಪು ಮಾಡಿದೆ. ಟ್ಯೂಬ್ ಒತ್ತಿದ ಕೂಡಲೇ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಆ ಜಾತಿಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಆಮ್ಲದಿಂದಲೇ ಹಾಳಾಗುವ ಕಾಗದದ ಪಕ್ಕ ಅದನ್ನು ಇಡುವುದುಂಟಾ! ಎರಡು ಮೂಲೆ ತುಂಬಿದ್ದನ್ನು ಬ್ಲೇಡಿನಿಂದ ಕೆರೆದು ತೆಗೆದು, ‘ನ್ಯೂಟ್ರಲ್ ಕ್ಯೂರ್’ ಅಂತ ಬರೆದಿರುವ, ಅಂದರೆ ಆ ಆಮ್ಲ ಬಿಡದ ಟ್ಯೂಬ್ ತಂದು ಮತ್ತೆ ಹಾಕಿದೆ.

ದೀಪಕ್ಕೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 120 ಎಲ್‌ಇಡಿ, 3000 ಕೆಲ್ವಿನ್ (ಹಳದಿ ಛಾಯೆಯ ಬೆಚ್ಚನೆಯ ಬಿಳಿ), ಸಿಆರ್‌ಐ 90ಕ್ಕಿಂತ ಮೇಲೆ (ದೀಪದ ಕೆಳಗೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ). ಸಿಆರ್‌ಐ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಕಡಿಮೆ ಸಿಆರ್‌ಐ ದೀಪದ ಕೆಳಗೆ ಕೆಂಪೆಲ್ಲ ಸತ್ತ ಕಂದು ಆಗಿ ಕಾಣುತ್ತದೆ, ಬಣ್ಣ ಉಳಿಸಲು ಇಷ್ಟೆಲ್ಲ ಮಾಡಿ ಕೊನೆಗೆ ಆ ಬಣ್ಣವನ್ನೇ ನೋಡದಿದ್ದರೆ ಏನು ಬಂತು? ಸ್ಟ್ರಿಪ್ಪನ್ನು ಎಡ ಮತ್ತು ಬಲ ಬದಿಗೆ, ಮುಂದಿನ ಮೂಲೆಯಲ್ಲಿ, ಹಿಂದಕ್ಕೆ ಮುಖ ಮಾಡಿ 45 ಡಿಗ್ರಿ ಓರೆಯ, ತೋಡಿನಂಥ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿದೆ. ಮೇಲೆ ಹಾಲು ಬಣ್ಣದ ಮುಚ್ಚಳ. ಚಾನೆಲ್ ಇಲ್ಲದೆ ಅಂಟಿಸಿದರೆ ಕವರಿನ ಮೇಲೆ ಸಾಲುಸಾಲು ಬೆಳಕಿನ ಚುಕ್ಕೆ ಕಾಣುತ್ತವೆ. ಅದೂ ಅಲ್ಲದೆ ಸ್ಟ್ರಿಪ್ಪಿನ ಹಿಂದಿನ ಅಂಟು ಬಿಸಿಗೆ ಸಡಿಲವಾಗಿ ಒಂದು ದಿನ ಬಿದ್ದೇ ಬೀಳುತ್ತದೆ.

ಒಂದೊಂದು ಬದಿಗೆ 650 ಮಿ.ಮೀ. ಬೇಕಿತ್ತು. ಈ ಸ್ಟ್ರಿಪ್ಪನ್ನು ಮೂರು ಎಲ್‌ಇಡಿಗೆ ಒಂದು ಕಡೆ, ಅಂದರೆ 25 ಮಿ.ಮೀ.ಗೆ ಒಮ್ಮೆ, ಗುರುತು ಇರುವಲ್ಲಿ ಮಾತ್ರ ಕತ್ತರಿಸಬಹುದು. 26 ತುಂಡಿಗೆ ಸರಿಯಾಗಿ ಬಂತು. ಎರಡೂ ಸೇರಿ 1.3 ಮೀಟರ್, ಮೀಟರಿಗೆ 9.6 ವ್ಯಾಟ್ ಲೆಕ್ಕದಲ್ಲಿ ಹನ್ನೆರಡೂವರೆ ವ್ಯಾಟ್. ನಾನು 24 ವ್ಯಾಟಿನ ಅಡಾಪ್ಟರ್ ಹಾಕಿದೆ, ಕೈಯಿಟ್ಟರೆ ಬೆಚ್ಚಗೂ ಆಗುವುದಿಲ್ಲ. ಅದನ್ನು ಪೆಟ್ಟಿಗೆಯ ಹೊರಗೇ ಇಡಿ. ಒಳಗಿಟ್ಟರೆ ದೀಪ ಹತ್ತಿದಾಗ ಬಿಸಿ, ಆರಿದಾಗ ತಂಪು, ಈ ಏರಿಳಿತಕ್ಕೆ ಕಾಗದ ಬಾಗುತ್ತದೆ. ವೈರುಗಳನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸದೆ ಸೋಲ್ಡರ್ ಮಾಡಿ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್-ಶ್ರಿಂಕ್ ಟ್ಯೂಬ್ ಏರಿಸಿದೆ. ನಡುವೆ ಒಂದು ಡಿಮ್ಮರ್, ಮತ್ತೆ ಯಾರಾದರೂ ಎದುರು ಬಂದರೆ ಮಾತ್ರ ದೀಪ ಹೊತ್ತಿಸುವ ಪಿಐಆರ್ ಸೆನ್ಸರ್. ಈ ಸೆನ್ಸರ್ ಮಾಡುವಷ್ಟು ಉಪಕಾರ ಬೇರೆ ಯಾವುದೂ ಮಾಡುವುದಿಲ್ಲ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಯಾರೂ ನೋಡದಾಗ ಉರಿಯುವ ದೀಪದಿಂದ ಬರೀ ನಷ್ಟ.

ಬೆಳಕು ಅಳೆಯಲು ಲಕ್ಸ್ ಮೀಟರ್ ಎರವಲು ತಂದೆ. ಮೀಟರಿನ ಬಿಳಿ ಗುಂಡನ್ನು ಮುಖಪುಟ ಇರುವ ಜಾಗದಲ್ಲೇ ಹಿಡಿಯಬೇಕು, ಪೆಟ್ಟಿಗೆಯ ಬಾಯಲ್ಲಿ ಅಲ್ಲ. ಡಿಮ್ಮರ್ ಪೂರ್ತಿ ತಿರುಗಿಸಿದಾಗ ಅಂಚಿನಲ್ಲಿ ಐನೂರು ದಾಟಿತ್ತು! ತಗ್ಗಿಸುತ್ತಾ ಬಂದು ಅಂಚಿನ ಕಾಮಿಕ್ಸ್‌ಗೆ 50 ಬಂದಲ್ಲಿ ನಿಲ್ಲಿಸಿದೆ, ನಡುವೆ 35ರ ಹತ್ತಿರ. ಡಿಮ್ಮರಿನ ಗುಂಡಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ, ಯಾರಾದರೂ ತಿರುಗಿಸಿದರೂ ಮತ್ತೆ ಅಲ್ಲಿಗೇ ತರಬಹುದು.

ಮುಂದಿನ ಬಾಗಿಲಿಗೆ 3 ಮಿ.ಮೀ. ಯುವಿ ತಡೆಯುವ ಅಕ್ರಿಲಿಕ್. ಒಳಗಿನ ದೀಪಕ್ಕಲ್ಲ, ಕಿಟಕಿಯಿಂದ ಬರುವ ಹಗಲು ಬೆಳಕಿಗೆ. ಅಷ್ಟೇ ದಪ್ಪದ ಗಾಜಿಗಿಂತ ಅರ್ಧ ತೂಕ. ಮೇಲಿನ ರಕ್ಷಣಾ ಹಾಳೆಯನ್ನು ತೂತು ಕೊರೆದು ಮುಗಿಯುವವರೆಗೆ ಕೀಳಬೇಡಿ, ಡ್ರಿಲ್ ನಿಧಾನ ಇರಲಿ, ಜೋರಾಗಿ ಒತ್ತಿದರೆ ಸೀಳುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವ ತಾಗಿಸಿದರೆ ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕು ಬೀಳಬಹುದು. ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು.

ಕಾಮಿಕ್ಸ್ ಒಂದೊಂದೂ ಪಾಲಿಯೆಸ್ಟರ್ ಕವರಿನಲ್ಲಿ, ಹಿಂದೆ ಆಮ್ಲವಿಲ್ಲದ ರಟ್ಟು. ಪೆಟ್ಟಿಗೆಯ ತಳದ ಅಡ್ಡಪಟ್ಟಿಯ ಹಿಂದೆ ಸಿಲಿಕಾ ಜೆಲ್ ಪೊಟ್ಟಣ, ಪಕ್ಕದಲ್ಲಿ ಪುಟ್ಟ ತೇವಾಂಶ ಮಾಪಕ. ಶೇಕಡ 50 ದಾಟಿದರೆ ಪೊಟ್ಟಣ ಬದಲಿಸುತ್ತೇನೆ. ತೇವ ಹೆಚ್ಚಾದರೆ ಮೊದಲು ಕೆಡುವುದು ನಡುವಿನ ಸ್ಟೇಪಲ್ ಪಿನ್, ಅದರ ತುಕ್ಕು ಕಾಗದಕ್ಕೆ ಹತ್ತಿದರೆ ತೆಗೆಯಲಾಗದು. ನಾಲ್ಕು ತಿಂಗಳಿಗೊಮ್ಮೆ ಆರನ್ನೂ ತೆಗೆದು ಕತ್ತಲ ಡಬ್ಬಿಗೆ ಹಾಕಿ ಬೇರೆ ಆರು ಇಡುತ್ತೇನೆ. ತುಂಬ ಅಪರೂಪದ ಎರಡನ್ನು ಮಾತ್ರ ಇಡುವುದೇ ಇಲ್ಲ, ಅವುಗಳ ಮುಖಪುಟದ ಬಣ್ಣದ ಪ್ರಿಂಟ್ ಇಡುತ್ತೇನೆ.

ಬಲಮೂಲೆಯಲ್ಲಿ ಇನ್ನೊಂದು ವಸ್ತು ಇದೆ. ಹರಿದುಹೋದ ಒಂದು ಹಳೆಯ ಕಾಮಿಕ್ಸ್‌ನ ಕೆಂಪು ಮುಖಪುಟದ ಚೂರು, ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದೇನೆ. ಪೆಟ್ಟಿಗೆಗೆ ಈಗ ಎರಡು ವರ್ಷ. ಆರು ತಿಂಗಳಿಗೊಮ್ಮೆ ಫಾಯಿಲ್ ಬಿಚ್ಚಿ, ಎರಡೂ ಭಾಗವನ್ನು ಕಿಟಕಿ ಹತ್ತಿರ ಹಿಡಿದು ಹೋಲಿಸಿ, ಹಿಂದೆ ತಾರೀಕು ಬರೆದು ಮತ್ತೆ ಸುತ್ತಿಡುತ್ತೇನೆ. ನಾಲ್ಕು ತಾರೀಕು ಆಗಿವೆ. ಗೆರೆ ಎಲ್ಲಿದೆ ಅಂತ ಇನ್ನೂ ಕಣ್ಣಿಗೆ ಕಂಡಿಲ್ಲ.