ಹೊಸ ಬೋರ್ಡ್ ಹಾಕಿದರೂ ತಣ್ಣಗಾಗದ ಎಸಿ: ನನ್ನ ಅನುಭವ

ಹಾಸನದ ನಮ್ಮ ಮನೆಯ ಒಂದೂವರೆ ಟನ್ ಸ್ಪ್ಲಿಟ್ ಎಸಿ (ಇನ್ವರ್ಟರ್ ಅಲ್ಲ) ಗುಡುಗು ಮಳೆಯ ನಂತರ ಕೆಟ್ಟಿತು. ರಿಮೋಟ್‌ಗೆ ಬೀಪ್ ಬರುತ್ತದೆ, ಒಳಗಿನ ಫ್ಯಾನ್ ತಿರುಗುತ್ತದೆ, ಹೊರಗಿನ ಯೂನಿಟ್ ಮಾತ್ರ ಏಳುವುದಿಲ್ಲ. ಸ್ಟೆಬಿಲೈಸರ್ ಬದಲಿಸಿದ್ದು, ಫಿಲ್ಟರ್ ತೊಳೆದದ್ದು, ಕಂಪ್ರೆಸರ್ ಕೆಪ್ಯಾಸಿಟರ್ ಹೊಸದು ಹಾಕಿದ್ದು, ಯಾವುದೂ ಫಲಿಸಲಿಲ್ಲ. ಎಸಿಯನ್ನು ನಿಯಂತ್ರಿಸುವ ಬೋರ್ಡಿನ ರಿಲೇ (ಕಂಪ್ರೆಸರ್‌ಗೆ ಕರೆಂಟ್ ಬಿಡುವ ಸ್ವಿಚ್) ಸುಟ್ಟಿತ್ತು. ಹಲವು ಕಂಪನಿಗಳ ಎಸಿಗೆ ಹೊಂದುವ ಯೂನಿವರ್ಸಲ್ ಬೋರ್ಡ್ ಕೂರಿಸಿದ ಮೇಲೂ ಅದೇ ಕಥೆ!

ಕಾರಣ ಉಷ್ಣತೆ ಅಳೆಯುವ ಸೆನ್ಸರ್‌ಗಳು; ಹಳೆಯವನ್ನೇ ಹೊಸ ಬೋರ್ಡಿಗೆ ಜೋಡಿಸಿದ್ದೆವು. ಹಳೆಯವು 25 ಡಿಗ್ರಿಯಲ್ಲಿ 10 ಕಿಲೋಓಮ್ (ಓಮ್ ಎಂದರೆ ವಿದ್ಯುತ್ ರೋಧದ ಅಳತೆ), ಹೊಸ ಬೋರ್ಡ್ ಕೇಳುವುದು 5. ಈ ಸೆನ್ಸರ್‌ಗಳಲ್ಲಿ ತಂಪು ಹೆಚ್ಚಿದಷ್ಟೂ ಓಮ್ ಏರುತ್ತದೆ. ಹಾಗಾಗಿ ಕೋಣೆ 25 ಡಿಗ್ರಿ ಇದ್ದರೂ ಆಗಲೇ ಸುಮಾರು 10 ಡಿಗ್ರಿಗೆ ಇಳಿದಿದೆಯೆಂದು ಬೋರ್ಡ್ ತಿಳಿಯುತ್ತದೆ, ಕಂಪ್ರೆಸರ್‌ಗೆ ಕರೆಂಟೇ ಬಿಡುವುದಿಲ್ಲ. ಸೆನ್ಸರ್ ಬಿಚ್ಚಿ ಮಲ್ಟಿಮೀಟರ್‌ನ 20 ಕಿಲೋಓಮ್ ರೇಂಜಿನಲ್ಲಿ ಅಳೆಯಿರಿ, ಗೊತ್ತಾಗುತ್ತದೆ.

ಮಾಡಬೇಕಾದ ಕ್ರಮ: ಎಸಿಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಹಳೆಯ ವೈರಿಂಗಿನ ಫೋಟೋ ತೆಗೆದುಕೊಳ್ಳಿ. ಬೋರ್ಡಿನ ಜೊತೆ ಬಂದ ಎರಡೂ ಸೆನ್ಸರ್‌ಗಳನ್ನೇ ಬಳಸಿ. ತಾಮ್ರದ ತುದಿಯದು ಒಳಗಿನ ಯೂನಿಟ್‌ನ ಕೋಯಿಲ್ (ತಣ್ಣಗಾಗುವ ಪೈಪಿನ ಸುರುಳಿ) ಪೈಪಿನ ಗೂಡಿಗೆ ಬಿಗಿಯಾಗಿ ಕೂರಬೇಕು. ಇನ್ನೊಂದು ಗಾಳಿ ಒಳಬರುವ ಕಡೆ, ಕೋಯಿಲ್‌ಗೆ ತಾಗದಂತೆ. ಕೊನೆಗೆ ಕೂಲ್ ಮೋಡ್, 18 ಡಿಗ್ರಿ ಇಟ್ಟು ಮೂರು ನಿಮಿಷ ಸುಮ್ಮನೆ ಕಾಯಿರಿ. ಕಂಪ್ರೆಸರ್ ರಕ್ಷಣೆಗೆ ಬೋರ್ಡ್ ಅಷ್ಟು ತಡ ಮಾಡುತ್ತದೆ, ನಡುವೆ ಆಫ್ ಮಾಡಬೇಡಿ.